ಅಪ್ಪನ ಕಣ್ಣು, ಅಮ್ಮನ ಮೌನ

"ಇದು ಯಾವ ಬಣ್ಣ ಹೇಳ್ರಿ! ಒಂದೇ ಒಂದು ಮಾತು... ಯಾವ ಬಣ್ಣ?"

ಸೊರಬದ ಬಸ್ ಸ್ಟ್ಯಾಂಡ್ ಹತ್ತಿರದ ಆ ಪುಟ್ಟ ಟೈಲರಿಂಗ್ ಅಂಗಡಿಯಲ್ಲಿ ಚೈತ್ರಶ್ರೀಯ ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಎದುರಿಗೆ ಸುಮಾರು ಮೂವತ್ತರ ಗಂಡಸು. ಅವನ ಕೈಯಲ್ಲಿ ಅವಳು ನಿನ್ನೆಯಷ್ಟೇ ಹೊಲಿದು ಕಳಿಸಿದ್ದ ಮದುವೆ ಬ್ಲೌಸು.

"ಮರೂನ್," ಎಂದಳು. ಅಳತೆ ಪುಸ್ತಕದಲ್ಲಿ ಹಾಗೆಂದೇ ಬರೆದುಕೊಂಡಿದ್ದಳು.

"ಬ್ಲೌಸು ಮರೂನ್. ಅದು ನನಗೂ ಗೊತ್ತು. ಈ ಅಂಚಿನ ಪೈಪಿಂಗ್?"

ಚೈತ್ರಶ್ರೀ ನೋಡಿದಳು. ಬ್ಲೌಸಿಗೂ ಪೈಪಿಂಗಿಗೂ ಅವಳ ಕಣ್ಣಿಗೆ ಅಂಥ ವ್ಯತ್ಯಾಸವೇನೂ ಇರಲಿಲ್ಲ!

"ಅದೂ... ಮರೂನೇ..."

"ಏನ್ರೀ, ತಮಾಷೆ ಮಾಡ್ತೀರಾ? ಎಲೆ ಹಸಿರು ಐತೆ ಇದು! ಇನ್ನು ನಾಲ್ಕು ದಿನಕ್ಕೆ ನನ್ನ ತಂಗಿ ಸೌಂದರ್ಯಾಳ ಮದುವೆ. ಸೊರಬದ ಚೈತ್ರಶ್ರೀನೇ ಹೊಲೀಬೇಕು ಅಂತ ಹಟ ಹಿಡಿದು ಶಿಕಾರಿಪುರದಿಂದ ಬಟ್ಟೆ ಕಳಿಸಿದ್ಲು. ಇದನ್ನ ನೋಡಿ ಬೆಳಗ್ಗೆಯಿಂದ ಅಳ್ತಾ ಕೂತವ್ಳೆ!"

ದಾರದ ಉರುಳೆ ಮೇಲೆ, ಬಟ್ಟೆ ತುಂಡಿನ ಮೇಲೆ ಚೈತ್ರಶ್ರೀ ಬಣ್ಣದ ಹೆಸರು ಬರೆದ ಚೀಟಿ ಅಂಟಿಸುತ್ತಿದ್ದಳು. ಕೊಳ್ಳುವಾಗ ಅಂಗಡಿಯವನನ್ನು ಕೇಳಿ ಅಲ್ಲೇ ಬರೆದುಕೊಳ್ಳುವುದು ರೂಢಿ. ಎಲ್ಲೋ ಒಂದು ಚೀಟಿ ಬಿದ್ದುಹೋಗಿರಬೇಕು...

"ಕ್ಷಮಿಸಿ. ಬಿಚ್ಚಿ ಮತ್ತೆ ಹೊಲಿದು ಕೊಡ್ತೀನಿ."

ಅವಳು ಡ್ರಾಯರ್ ಎಳೆದು ಒಂದೊಂದೇ ಬಟ್ಟೆ ಸುರುಳಿಯ ಚೀಟಿ ಓದತೊಡಗಿದಳು. ಅವನು ಏನೋ ಹೇಳಲು ಬಾಯಿ ತೆರೆದವನು ತಟ್ಟನೆ ಸುಮ್ಮನಾದ. ಅವಳು ಬಟ್ಟೆಯನ್ನು ನೋಡುತ್ತಿರಲಿಲ್ಲ. ಬರೀ ಚೀಟಿಗಳನ್ನೇ ನೋಡುತ್ತಿದ್ದಳು.

ಅವನು ಮೆಲ್ಲಗೆ ಬಾಗಿ ಸರಿಯಾದ ಸುರುಳಿಯನ್ನು ಎತ್ತಿ ಅವಳ ಮುಂದಿಟ್ಟ.

"ಇದು," ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ಅವನು ತನ್ನನ್ನೇ ನೋಡುತ್ತಿದ್ದ ರೀತಿ ಅವಳಿಗೆ ಅವನ ಸಿಟ್ಟಿಗಿಂತ ಹೆಚ್ಚು ಭಯ ಹುಟ್ಟಿಸಿತು. 'ಇವನಿಗೆ ಗೊತ್ತಾಗಿಬಿಟ್ಟಿತಾ?'

ಎರಡು ದಿನದ ನಂತರ ಬ್ಲೌಸು ಒಯ್ಯಲು ಅವನೇ ಬಂದ. ಕೈಯಲ್ಲೊಂದು ದಪ್ಪ ರಟ್ಟಿನ ಪುಸ್ತಕ.

"ನನ್ನ ಹೆಸರು ಕೊಟ್ರೇಶ್. ಶಿಕಾರಿಪುರದಾಗೆ ಕನ್ನಡಕದ ಅಂಗಡಿ ಐತೆ, ಕಣ್ಣು ಪರೀಕ್ಷೆ ಮಾಡೋದೇ ನನ್ನ ಕೆಲಸ. ಅವತ್ತು ಕೂಗಾಡಿದ್ದು ತಪ್ಪಾಯ್ತು. ಒಂದು ಮಾತು ಕೇಳಲಾ?"

"ಕೇಳಬೇಡಿ."

"ಸರಿ, ಕೇಳಲ್ಲ." ಅವನು ಪುಸ್ತಕವನ್ನು ಟೇಬಲ್ ಮೇಲಿಟ್ಟ. "ಇದನ್ನ ಇಲ್ಲಿಟ್ಟಿರ್ತೀನಿ. ನೋಡ್ಬೇಕು ಅನ್ನಿಸಿದ್ರೆ ನೋಡ್ರಿ."

ಅವಳು ಅನುಮಾನದಿಂದ ಅವನನ್ನೇ ದಿಟ್ಟಿಸಿದಳು. "ಊರಿಗೆಲ್ಲ ಹೇಳ್ತೀರಾ? ಬಣ್ಣ ಗೊತ್ತಿಲ್ಲದ ಟೈಲರ್ ಅಂತ?"

"ನಾನ್ಯಾಕೆ ಹೇಳ್ಲಿ? ಕಣ್ಣು ತೋರಿಸೋಕೆ ಬಂದೋರ ಗುಟ್ಟು ಬೀದಿಗೆ ಹಾಕಿದ್ರೆ ನನ್ನ ಅಂಗಡಿಗೆ ಯಾರು ಬರ್ತಾರೆ?"

ಅವಳು ಬ್ಲೌಸನ್ನು ಮಡಚಿ ಚೀಲಕ್ಕೆ ಹಾಕಿ, ಆಮೇಲೆ ಪುಸ್ತಕ ತೆರೆದಳು. ಪುಟದ ತುಂಬ ಬಣ್ಣದ ಚುಕ್ಕೆಗಳು. ಮೊದಲ ಪುಟದಲ್ಲಿ ಹನ್ನೆರಡು ಎಂದು ಕಂಡಿತು. ಮುಂದಿನ ಪುಟಗಳಲ್ಲಿ... ಚುಕ್ಕೆ, ಚುಕ್ಕೆ, ಬರೀ ಚುಕ್ಕೆ.

"ಇಲ್ಲಿ ಏನಾದರೂ ಬರೆದಿದೆಯಾ?"

"ನಲವತ್ತೈದು," ಎಂದ ಅವನು ಮೃದುವಾಗಿ. "ನಿಮಗೆ ಕೆಂಪು-ಹಸಿರಿನ ಬಣ್ಣಗುರುಡು ಐತೆ. ಹುಟ್ಟಿನಿಂದಲೇ. ಇದು ರೋಗ ಅಲ್ಲ, ಹೆಚ್ಚಾಗಲ್ಲ. ನಿಮ್ಮ ತಪ್ಪಂತೂ ಅಲ್ಲವೇ ಅಲ್ಲ."

ಚೈತ್ರಶ್ರೀಗೆ ನೆನಪಾಯಿತು. ಎರಡನೇ ಕ್ಲಾಸಿನಲ್ಲಿ ಎಲೆಗೆ ಕೆಂಪು ಬಳಿದಳೆಂದು ಕೈ ಮೇಲೆ ಬಿದ್ದ ಬೆತ್ತದ ಏಟು... 'ದಡ್ಡಿ' ಎಂಬ ಹೆಸರು... ಇಷ್ಟು ವರ್ಷ ಅವಳೂ ಅದನ್ನೇ ನಂಬಿದ್ದಳು!

ಅವನೆದುರೇ ಅತ್ತುಬಿಟ್ಟಳು.

ಆಮೇಲೆ ಕೊಟ್ರೇಶ್‌ಗೆ ಸೊರಬದಲ್ಲಿ ವಾರವಾರ ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು. ಒಮ್ಮೆ ಹೊಸಬಾಳೆಯ ಅಜ್ಜಿಯೊಬ್ಬರಿಗೆ ಕನ್ನಡಕ ತಲುಪಿಸಬೇಕು, ಇನ್ನೊಮ್ಮೆ ಅಂಗಿಗೆ ಗುಂಡಿ ಹಾಕಿಸಬೇಕು. ಚೈತ್ರಶ್ರೀ ಫೋಟೋ ಕಳಿಸಿದರೆ ಬಣ್ಣದ ಹೆಸರು ಬರೆದು ಕಳಿಸುತ್ತಿದ್ದ. ಮಳೆಗಾಲ ಕಳೆದು ಜೋಳದ ತೆನೆ ಮುರಿಯುವ ಹೊತ್ತಿಗೆ ಬಣ್ಣ ಕೇಳುವುದು ಬರೀ ನೆಪವಾಗಿತ್ತು. ಇಬ್ಬರಿಗೂ ಅದು ಗೊತ್ತಿತ್ತು. ಇಬ್ಬರೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಅವನು ಚಹಾ ಕುಡಿಯುತ್ತಾ ಹೇಳಿದ. "ನಿಮ್ಮಂಥವರು ಅಪರೂಪ ರೀ."

ಅವಳ ಕೆನ್ನೆ ಬಿಸಿಯಾಯಿತು. "ಎಂತಕ್ಕೆ?"

"ಗಂಡಸರಲ್ಲಿ ಇದು ನೂರಕ್ಕೆ ಐದಾರು ಜನಕ್ಕೆ ಇರುತ್ತೆ. ಹೆಂಗಸರಲ್ಲಿ ಸಾವಿರಕ್ಕೆ ಎರಡೋ ಮೂರೋ."

"ಓ... ಅದಕ್ಕಾ." ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು!

ಅವನಿಗೆ ಅದು ತಿಳಿಯಲಿಲ್ಲ. ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಉತ್ಸಾಹದಿಂದ ಗೀಚತೊಡಗಿದ. "ಈ ಗುಣ ಎಕ್ಸ್ ಅನ್ನೋ ವರ್ಣತಂತುವಿನ ಮೇಲೆ ಬರುತ್ತೆ. ಹೆಣ್ಣಿಗೆ ಎಕ್ಸ್ ಎರಡು. ಒಂದು ಅಮ್ಮ ಕೊಟ್ಟಿದ್ದು, ಒಂದು ಅಪ್ಪ ಕೊಟ್ಟಿದ್ದು. ಒಂದರಲ್ಲಿ ದೋಷ ಇದ್ರೂ ಇನ್ನೊಂದು ಸರಿ ಇದ್ರೆ ಸಾಕು, ಬಣ್ಣ ಕಾಣುತ್ತೆ. ದೋಷ ಒಳಗೇ ಅಡಗಿರುತ್ತೆ. ಅದಕ್ಕೇ ಇದನ್ನ ಅಪ್ರಬಲ ಗುಣ ಅನ್ನೋದು. ಗಂಡಿಗೆ ಇರೋದು ಒಂದೇ ಎಕ್ಸ್, ಅಮ್ಮ ಕೊಟ್ಟಿದ್ದು. ಅದರಲ್ಲೇ ದೋಷ ಇದ್ರೆ ಮುಚ್ಚೋಕೆ ಇನ್ನೊಂದಿಲ್ಲ."

"ಹಂಗಾದರೆ ನನಗೆ?"

"ನಿಮಗೆ ಎರಡೂ ಕಡೆಯಿಂದ ಬಂದಿರ್ಬೇಕು. ಅಂದ್ರೆ ನಿಮ್ಮ ಅಮ್ಮನಲ್ಲಿ ಅಡಗಿರ್ಬೇಕು, ಅಪ್ಪನಿಗಂತೂ ಇದ್ದೇ ಇರ್ಬೇಕು..."

ಚೈತ್ರಶ್ರೀ ನಕ್ಕಳು. "ಅಪ್ಪನಿಗಾ? ನಮ್ಮಪ್ಪ ಲೋಕಪ್ಪ ಅಂದ್ರೆ ಈ ರೂಟಿಗೇ ಗೊತ್ತು. ಸೊರಬ, ಶಿರಾಳಕೊಪ್ಪ, ಶಿಕಾರಿಪುರ, ಶಿವಮೊಗ್ಗ... ಇಪ್ಪತ್ತಾರು ವರ್ಷದಿಂದ ಬಸ್ ಓಡಿಸ್ತಿದ್ದಾರೆ. ಪ್ರತಿ ಸಲ ಕಣ್ಣಿನ ಪರೀಕ್ಷೆ ಪಾಸಾಗ್ತಾರೆ. ನಮ್ಮಪ್ಪನಿಗೆ ಎಂತದೂ ಇಲ್ಲ."

ಗೀಚುತ್ತಿದ್ದ ಪೆನ್ನು ನಿಂತಿತು.

ಕೊಟ್ರೇಶ್‌ನ ಮುಖದ ನಗು ಮಾಯವಾಯಿತು. ಅವಳನ್ನೊಮ್ಮೆ ನೋಡಿದ. ಹಾಳೆಯನ್ನು ಹರಿದು ಮಡಚಿ ಜೇಬಿಗೆ ತುರುಕಿದ.

"ಏನಾಯ್ತು?"

"ಏನಿಲ್ಲ... ಹೊತ್ತಾಯ್ತು. ಬರ್ತೀನ್ರಿ."

ಚಹಾ ಅರ್ಧ ಲೋಟ ಹಾಗೇ ಉಳಿಯಿತು.

ಅವತ್ತು ಸಂದೇಶ ಬರಲಿಲ್ಲ. ಮರುದಿನವೂ ಇಲ್ಲ. ಅವಳಾಗಿ ಕರೆ ಮಾಡಿದರೆ, 'ಅಂಗಡೀಲಿ ಜನ ಇದ್ದಾರೆ' ಎಂದು ಇಟ್ಟುಬಿಟ್ಟ.

'ಯಾಕೆ ಹಾಗೆ ಎದ್ದುಹೋದ? ಏನು ಲೆಕ್ಕ ಹಾಕಿದ?'

ನಾಲ್ಕನೇ ದಿನ ಅವಳು ಪಕ್ಕದ ಮನೆಯ ಪಿಯುಸಿ ಹುಡುಗಿಯ ಜೀವಶಾಸ್ತ್ರ ಪುಸ್ತಕ ಕೇಳಿ ತಂದಳು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಅಪ್ಪನ ಬಳಿ ಇರುವುದು ಒಂದೇ ಎಕ್ಸ್. ಮಗಳಿಗೆ ಕೊಡುವುದೂ ಅದನ್ನೇ. ಆದ್ದರಿಂದ ಮಗಳಿಗೆ ಈ ದೋಷ ಇದ್ದರೆ ತಂದೆಗೆ ಇರಲೇಬೇಕು...

ಅಪ್ಪನಿಗೆ ಇಲ್ಲ.

ಹಾಗಾದರೆ...?

ಪುಸ್ತಕ ಅವಳ ಕೈಯಿಂದ ಜಾರಿತು. ಕೊಟ್ರೇಶ್ ಯಾಕೆ ಎದ್ದುಹೋದ ಎಂದು ಈಗ ಅರ್ಥವಾಯಿತು. ಅವನು ಅವಳ ಅಮ್ಮನ ಮೇಲೆ ಅನುಮಾನ ಪಟ್ಟಿದ್ದ!

'ಛೀ! ನನ್ನ ಅಮ್ಮನ ಬಗ್ಗೆ...!' ಮೈಯೆಲ್ಲ ಉರಿಯಿತು. ಆದರೆ ಆ ಉರಿಯ ಅಡಿಯಲ್ಲೇ ಇನ್ನೊಂದು ತಣ್ಣನೆಯ ಯೋಚನೆ ಕದಲಿತು. 'ಅವನ ಲೆಕ್ಕದಲ್ಲಿ ತಪ್ಪೆಲ್ಲಿದೆ?'

ಅಂದಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಅಪ್ಪ ಊಟಕ್ಕೆ ಕೂತರೆ ಅವರ ಕಿವಿ, ಮೂಗು, ಬೆರಳುಗಳನ್ನು ಕದ್ದು ನೋಡುತ್ತಿದ್ದಳು. ಕನ್ನಡಿ ಮುಂದೆ ನಿಂತು ತನ್ನ ಹಣೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅಮ್ಮ ಬಂಗಾರಮ್ಮ ಫೋನಿನಲ್ಲಿ ಮೆಲ್ಲಗೆ ಮಾತಾಡಿದರೂ ಕಿವಿ ನಿಮಿರುತ್ತಿತ್ತು.

ಆಗಲೇ ಅತ್ತೆ ಮೂಕಮ್ಮ ಬಂದಿದ್ದು. ಅಪ್ಪನ ಅಕ್ಕ. ಹಬ್ಬದ ರವಿಕೆಗೆ ಅಳತೆ ಕೊಡುತ್ತಾ ನಿಂತವರನ್ನು ಚೈತ್ರಶ್ರೀ ಸಹಜವೆಂಬಂತೆ ಕೇಳಿದಳು. "ಅತ್ತೆ, ನಾನು ಹುಟ್ಟಿದಾಗ ಯಾರ ಹಂಗಿದ್ದೆ?"

"ಯಾರ ಹಂಗೂ ಇರಲಿಲ್ಲ ಬಿಡು!" ಅತ್ತೆ ನಕ್ಕು, ಆಮೇಲೆ ಧ್ವನಿ ತಗ್ಗಿಸಿದರು. "ಮದುವೆಯಾದ ವರ್ಷಕ್ಕೇ ನಿಮ್ಮಮ್ಮ ಜಗಳ ಮಾಡ್ಕೊಂಡು ತೊಗರ್ಸಿಗೆ ತೌರಿಗೆ ಹೋಗಿ ಕೂತ್ಲು. ಭರ್ತಿ ನಾಲ್ಕು ತಿಂಗಳು. ಜಗಳ ಎಂತಕ್ಕೆ ಅಂತ ಇಬ್ಬರೂ ಬಾಯಿ ಬಿಡಲಿಲ್ಲ. ವಾಪಸ್ ಬರೋವಾಗ ನೀನು ಹೊಟ್ಟೇಲಿದ್ದೆ. ನಾವ್ಯಾರೂ ಏನೂ ಕೇಳಲಿಲ್ಲಪ್ಪ..."

ಚೈತ್ರಶ್ರೀ ಅತ್ತೆಯ ತೋಳಿನ ಅಳತೆಯನ್ನು ಎರಡನೇ ಸಲ ತೆಗೆದಳು.

ಸಂಜೆ ಅಡುಗೆಮನೆಯಲ್ಲಿ ಅಮ್ಮ ರೊಟ್ಟಿ ತಟ್ಟುತ್ತಿದ್ದರು. ಅಪ್ಪ ಇನ್ನೂ ಡ್ಯೂಟಿಯಿಂದ ಬಂದಿರಲಿಲ್ಲ.

"ಅಮ್ಮ... ನನಗೆ ಬಣ್ಣಗುರುಡು ಇದೆಯಂತೆ."

ಬಂಗಾರಮ್ಮನ ಕೈ ನಿಂತಿತು. "ಯಾರು ಹೇಳಿದ್ರು?"

"ಕಣ್ಣು ನೋಡೋರು. ಅಪ್ಪನಿಗೆ ಇದ್ದರೆ ಮಾತ್ರ ಮಗಳಿಗೆ ಬರುತ್ತಂತೆ. ಅಪ್ಪನಿಗೆ ಇಲ್ಲವಲ್ಲ?"

ಹೆಂಚಿನ ಮೇಲೆ ರೊಟ್ಟಿ ಕರಕಲಾಗುತ್ತಿತ್ತು.

"ಅಮ್ಮ, ನಾನು ಅಪ್ಪನ ಮಗಳೇ ತಾನೆ?"

ಕೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಅಮ್ಮ ಕಪಾಳಕ್ಕೆ ಹೊಡೆಯಲಿ, ಬೈಯಲಿ, ಅತ್ತು ಕೂಗಲಿ... ಏನಾದರೂ ಆಗಲಿ ಎಂದು ಕಾದಳು.

ಬಂಗಾರಮ್ಮ ಬಾಗಿಲ ಕಡೆಗೊಮ್ಮೆ ನೋಡಿದರು, ಅಲ್ಲಿ ಗೋಡೆಗೆ ಅಪ್ಪನ ಇನ್ನೊಂದು ಖಾಕಿ ಅಂಗಿ ತೂಗುತ್ತಿತ್ತು. ಆಮೇಲೆ ತಲೆ ತಗ್ಗಿಸಿ ಮತ್ತೊಂದು ಉಂಡೆ ಕೈಗೆತ್ತಿಕೊಂಡರು.

"ನಿನಗೆ ಹೆಂಗೆ ಅನ್ನಿಸುತ್ತೋ ಹಂಗೆ ತಿಳ್ಕೋ. ಇನ್ನೊಂದು ಸಲ ಈ ಮಾತು ಅಪ್ಪನ ಎದುರು ಎತ್ತಬೇಡ."

ಅಮ್ಮ ಹೌದು ಎನ್ನಲಿಲ್ಲ! ಒಂದೇ ಒಂದು ಸಲ ಹೌದು ಅನ್ನಬಾರದಿತ್ತೇ...?

ಕೊಟ್ರೇಶ್ ಮಾತು ಬಿಟ್ಟು ಒಂಬತ್ತನೇ ದಿನ, ಅವಳು ಶಿಕಾರಿಪುರದ ಅವನ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಅಪ್ಪನ ಬಸ್ಸು ಬೇಡವೆಂದು ಬೇರೆ ಬಸ್ಸು ಹಿಡಿದು ಬಂದಿದ್ದಳು.

"ಚೈತ್ರಶ್ರೀ ಅವ್ರೇ! ಏನು ಹಠಾತ್ತನೆ..."

"ನಿಮ್ಮ ಲೆಕ್ಕ ಸರಿಯಾಗಿದೆ ಅಂತ ಹೇಳೋಕೆ ಬಂದೆ." ಅವಳ ಧ್ವನಿ ಒಡೆಯಿತು. "ನಾನು ನಮ್ಮಪ್ಪನ ಮಗಳಲ್ಲ. ಅಮ್ಮ ಇಲ್ಲ ಅನ್ನಲಿಲ್ಲ. ಸಮಾಧಾನ ಆಯ್ತಾ? ಅನುಮಾನ ಬಂದಾಗ ಬಾಯಿಬಿಟ್ಟು ಕೇಳಬಹುದಿತ್ತು. ಒಂಬತ್ತು ದಿನ ಮುಖ ತಪ್ಪಿಸಿಕೊಂಡು ಓಡಾಡೋದಲ್ಲ!"

ಕೊಟ್ರೇಶ್ ಕಕ್ಕಾಬಿಕ್ಕಿಯಾದ. "ನಿಮ್ಮ ಅಮ್ಮನ ಮೇಲಾ? ಅಯ್ಯೋ ಶಿವನೇ... ಆ ಯೋಚನೆ ನನ್ನ ತಲೆಗೇ ಬರ್ಲಿಲ್ಲ ರೀ! ನಾನು ಅನುಮಾನ ಪಟ್ಟಿದ್ದು ನಿಮ್ಮ ಅಪ್ಪನ ಮೇಲೆ. ಅವರ ಕಣ್ಣಿನ ಮೇಲೆ!"

"ಅಂದ್ರೆ...?"

"ಪರೀಕ್ಷೆ ಪಾಸಾದ್ರು ಅಂದ್ರಲ್ಲ, ಪುಸ್ತಕದ ಅಂಕಿ ಬಾಯಿಪಾಠ ಮಾಡಿ ಪಾಸಾಗೋರು ಎಷ್ಟೋ ಜನ ಇದ್ದಾರೆ. ನನಗೆ ಖಚಿತ ಆಗ್ಬೇಕಿತ್ತು. ಈ ಒಂಬತ್ತು ದಿನದಾಗೆ ಮೂರು ಸಲ ನಿಮ್ಮ ಅಪ್ಪನ ಬಸ್ಸಿನಾಗೆ, ಅವರ ಹಿಂದಿನ ಸೀಟಿನಾಗೆ ಕೂತು ಶಿವಮೊಗ್ಗಕ್ಕೆ ಹೋಗಿ ಬಂದೆ."

ಚೈತ್ರಶ್ರೀ ಕಣ್ಣರಳಿಸಿ ನಿಂತಳು.

"ದಾರೀಲಿ ಒಂದು ಕಡೆ ಸೇತುವೆ ಕೆಲಸ ನಡೀತೈತೆ. ಒಬ್ಬ ಬಾವುಟ ಹಿಡ್ಕೊಂಡು ನಿಂತಿರ್ತಾನೆ. ಕೆಂಪು ಇಳಿಸಿ ಹಸಿರು ಎತ್ತಿದ, ನಿಮ್ಮ ಅಪ್ಪ ಬಸ್ ಕದಲಿಸಲಿಲ್ಲ. ಕಂಡಕ್ಟರ್ 'ಹಸಿರು ಬಂತಣ್ಣ, ಹೋಗು' ಅಂದ ಮೇಲೆ ಗೇರ್ ಹಾಕಿದ್ರು. ಮೂರು ಸಲವೂ ಹಂಗೇ." ಅವನು ಕುರ್ಚಿಯಲ್ಲಿ ಕುಸಿದ. "ಹೇಳಿದ್ರೆ ಅವರ ಕೆಲಸ ಹೋಗುತ್ತೆ, ನಿಮ್ಮ ಮನೆ ಒದ್ದಾಡುತ್ತೆ. ಹೇಳದಿದ್ರೆ ಬಸ್ಸಿನ ತುಂಬ ಜನ ಇರ್ತಾರೆ. ಯಾವ ಮುಖ ಹೊತ್ತು ನಿಮ್ಮ ಹತ್ರ ಮಾತಾಡ್ಲಿ? ಅದಕ್ಕೇ ಮುಖ ತಪ್ಪಿಸಿಕೊಂಡು ಓಡಾಡ್ತಿದ್ದೆ."

ಚೈತ್ರಶ್ರೀಗೆ ಅಡುಗೆಮನೆಯ ಆ ಕ್ಷಣ ಕಣ್ಣಮುಂದೆ ಬಂತು. ಅಮ್ಮ ನೋಡಿದ್ದು ಖಾಕಿ ಅಂಗಿಯನ್ನು... ಗಂಡನ ಕೆಲಸ ಉಳಿಸಲು, ಮಗಳು ಹೊರಿಸಿದ ಕಳಂಕವನ್ನು ಅಮ್ಮ ಸುಮ್ಮನೆ ತಲೆ ಮೇಲೆ ಹೊತ್ತುಕೊಂಡಿದ್ದರು!

"ಅಮ್ಮಾ..." ಎಂದು ಅಲ್ಲೇ ಮುಖ ಮುಚ್ಚಿಕೊಂಡಳು.

ಅವನು ಹತ್ತಿರ ಬಂದ. ಮುಟ್ಟಲಿಲ್ಲ. "ನಡೀರಿ. ನಾನೂ ಬರ್ತೀನಿ."

ಸೊರಬ ಮುಟ್ಟುವಾಗ ಸಂಜೆ ಆರು. ಲೋಕಪ್ಪ ಆಗಷ್ಟೇ ಡ್ಯೂಟಿ ಮುಗಿಸಿ ಕೈಕಾಲು ತೊಳೆದು ಜಗಲಿ ಮೇಲೆ ಕೂತಿದ್ದರು. ಮಗಳ ಜೊತೆ ಬಂದ ಅಪರಿಚಿತನನ್ನು ಅನುಮಾನದಿಂದ ನೋಡಿದರು. "ನೀನು ಮೊನ್ನೆಯಿಂದ ನನ್ನ ಬಸ್ಸಲ್ಲಿ ಓಡಾಡ್ತಿದ್ದವನಲ್ಲವಾ? ಯಾರಪ್ಪ ನೀನು?"

"ಅಪ್ಪ, ಇವರು ಕೊಟ್ರೇಶ್. ನನ್ನ ಕಣ್ಣು ನೋಡಿದವರು." ಚೈತ್ರಶ್ರೀ ಅಪ್ಪನ ಕಾಲ ಬುಡದಲ್ಲಿ ಕೂತಳು. "ಅಪ್ಪ, ನಾನೊಂದು ಪಾಪ ಮಾಡಿದೀನಿ. ಅಮ್ಮನ ಹತ್ರ, 'ನಾನು ಅಪ್ಪನ ಮಗಳೇ ತಾನೆ' ಅಂತ ಕೇಳಿಬಿಟ್ಟೆ."

"ಚೈತ್ರಾ! ಸುಮ್ನಿರೇ!" ಒಳಗಿನಿಂದ ಬಂಗಾರಮ್ಮ ಓಡಿಬಂದರು.

ಲೋಕಪ್ಪ ಹೆಂಡತಿಯನ್ನೂ ಮಗಳನ್ನೂ ಬದಲಿಸಿ ಬದಲಿಸಿ ನೋಡಿದರು. "ಎಂತಕ್ಕೆ ಹಂಗೆ ಕೇಳಿದೆ?"

"ನನಗೆ ಕೆಂಪು-ಹಸಿರು ಗೊತ್ತಾಗಲ್ಲ. ಅಪ್ಪನಿಗಿದ್ರೆ ಮಾತ್ರ ಮಗಳಿಗೆ ಬರೋದಂತೆ."

ಲೋಕಪ್ಪ ಹೆಂಡತಿಯ ಕಡೆ ತಿರುಗಿದರು. "ನೀನು ಏನಂದೆ?"

ಬಂಗಾರಮ್ಮ ಸೆರಗಿನ ತುದಿ ಹಿಡಿದು ನಿಂತಿದ್ದರು. "ಏನೂ ಅನ್ನಲಿಲ್ಲ."

"ಮಗಳು ಅಷ್ಟು ದೊಡ್ಡ ಮಾತು ಕೇಳಿದಾಗಲೂ ನನ್ನ ಹೆಸರು ಹೇಳಲಿಲ್ಲವಾ?"

"ಹೇಳಿದ್ರೆ ನಿಮ್ಮ ಕೈಯಿಂದ ಸ್ಟೇರಿಂಗ್ ಹೋಗುತ್ತಲ್ಲ ರೀ..."

ಲೋಕಪ್ಪ ಕೊಟ್ರೇಶ್ ಮುಂದೆ ಕೈ ಚಾಚಿದರು.

"ಆ ಚುಕ್ಕೆ ಪುಸ್ತಕ ತಂದಿದೀಯಾ? ಕೊಡು. ನಾನು ಬಾಯಿಪಾಠ ಮಾಡಿದ ಹಾಳೆಗಳ ಅನುಕ್ರಮ ತಪ್ಪಿಸಿ, ಮಧ್ಯದಿಂದ ತೆಗೆದು ಕೊಡು."

ಕೊಟ್ರೇಶ್ ಚೀಲದಿಂದ ಪುಸ್ತಕ ತೆಗೆದು ಒಂದು ಪುಟ ತೆರೆದು ಹಿಡಿದ.

"ಕಾಣಲ್ಲ."

ಇನ್ನೊಂದು.

"ಕಾಣಲ್ಲ." ಅವರ ಕಣ್ಣಲ್ಲಿ ನೀರು ತುಂಬಿತ್ತು. "ಇಲ್ಲಿ ನನಗೆ ಯಾವ ಅಂಕಿಯೂ ಕಾಣಲ್ಲ ಮಗಳೇ. ಯಾವತ್ತೂ ಕಂಡಿಲ್ಲ."

ಚೈತ್ರಶ್ರೀ ಬಾಗಿ ಅದೇ ಪುಟ ನೋಡಿದಳು. "ನನಗೂ ಕಾಣಲ್ಲ ಅಪ್ಪ!"

ಅಪ್ಪ-ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು.

ಬಂಗಾರಮ್ಮ ಕಂಬಕ್ಕೊರಗಿ ನಿಧಾನವಾಗಿ ಹೇಳಿದರು. "ನಮ್ಮಪ್ಪನಿಗೂ ಹಂಗೇ ಇತ್ತು. ಹಣ್ಣಾದ ಮೆಣಸಿನಕಾಯಿ ಬಿಡಿಸೋಕೆ ನಾನೇ ಜೊತೆಗೆ ಹೋಗ್ಬೇಕಿತ್ತು. ಅದಕ್ಕೇ ಮದುವೆಯಾದ ವಾರಕ್ಕೇ ಇವರದ್ದು ನನಗೆ ತಿಳೀತು. ಬಸ್ ಕೆಲಸಕ್ಕೆ ಸೇರ್ತೀನಿ ಅಂದಾಗ, ಜನರ ಜೀವದ ಜೊತೆ ಆಟ ಆಡಬೇಡಿ ಅಂತ ಜಗಳ ಮಾಡಿ ತೊಗರ್ಸಿಗೆ ಹೋದೆ."

"ಪ್ರತಿ ಭಾನುವಾರ ಅಕ್ಕನಿಗೂ ಹೇಳದೆ ಅಲ್ಲಿಗೆ ಹೋಗಿ ಕಾಲು ಹಿಡೀತಿದ್ದೆ," ಎಂದರು ಲೋಕಪ್ಪ. "ಆಮೇಲೆ ನೀನು ಹೊಟ್ಟೆಗೆ ಬಂದೆ. ನಿಮ್ಮಮ್ಮ ಸೋತು ವಾಪಸ್ ಬಂದ್ಲು."

ಕೊಟ್ರೇಶ್ ಮೆಲ್ಲಗೆ ಕೇಳಿದ. "ನೀವಿಬ್ಬರು ಮೊದಲೇ ಸಂಬಂಧಿಕರಾ?"

"ಇವಳು ನನ್ನ ಸೋದರಮಾವನ ಮಗಳು."

"ಹಂಗಾದ್ರೆ ಎಲ್ಲ ಕೂಡಿಬಂತು. ನಿಮ್ಮ ತಾಯಿಯಿಂದ ನಿಮಗೆ ಬಂದಿದ್ದೇ ನಿಮ್ಮ ಮಾವನಲ್ಲೂ ಇತ್ತು. ಅವರಿಂದ ಅಮ್ಮನವರಿಗೆ ಬಂದು ಒಳಗೇ ಅಡಗಿತ್ತು. ನಿಮ್ಮಿಬ್ಬರದ್ದೂ ಸೇರಿ ಮಗಳಲ್ಲಿ ಹೊರಗೆ ಕಾಣಿಸಿಕೊಂಡೈತೆ."

ಚೈತ್ರಶ್ರೀ ಎದ್ದು ಅಮ್ಮನ ಎದುರು ನಿಂತಳು. ಅವರ ಎರಡೂ ಕೈ ಹಿಡಿದುಕೊಂಡಳು. ಬಂಗಾರಮ್ಮ ಮಗಳ ಕೆನ್ನೆ ಒರೆಸಿದರು. "ಬಿಡೇ. ಮುಖ ತೊಳ್ಕೊ ಹೋಗು. ಬಂದವರಿಗೆ ಕಾಫಿ ಮಾಡು."

ಮರುದಿನ ಬೆಳಿಗ್ಗೆ ಲೋಕಪ್ಪ ಬಸ್ಸಿನ ಮಾಲೀಕರಾದ ನಾಗರಾಜಪ್ಪನವರ ಮನೆಗೆ ಹೋಗಿ, ಎಲ್ಲವನ್ನೂ ಹೇಳಿ, ಕೀ ಒಪ್ಪಿಸಿದರು. ನಾಗರಾಜಪ್ಪ ಮೊದಲು ಬೈದರು, ಚೆನ್ನಾಗಿಯೇ ಬೈದರು. ಎರಡು ವಾರ ಕಳೆದ ಮೇಲೆ ಅವರೇ ಫೋನ್ ಮಾಡಿ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಸ್ಸುಗಳ ಟೈಮ್ ನೋಡಿಕೊಳ್ಳುವ ಕೆಲಸಕ್ಕೆ ಕರೆದರು. ಮೊದಲ ದಿನ ಬಸ್ಸು ತನ್ನನ್ನು ಬಿಟ್ಟು ಹೊರಟಾಗ ಲೋಕಪ್ಪ ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದರಂತೆ.

ಅದಾದ ಮೇಲೆ ಒಂದು ಸೋಮವಾರ ಬಂಗಾರಮ್ಮ ಮಗಳ ಜೊತೆ ತೊಗರ್ಸಿಗೆ ಹೋದರು. ಮಲ್ಲಿಕಾರ್ಜುನನ ಗುಡಿಗೆ ಕೊಟ್ರೇಶ್ ಮೊದಲೇ ಬಂದು ಕಾಯುತ್ತಿದ್ದ. ಬಂಗಾರಮ್ಮ ಅವನನ್ನು ನೋಡಿಯೂ ನೋಡದವರಂತೆ, "ನಾನು ಪೂಜೆ ಮಾಡಿಸಿಕೊಂಡು ಬರ್ತೀನಿ, ನೀವು ಇಲ್ಲೇ ಕೂತಿರಿ," ಎಂದು ಒಳಗೆ ಹೋದರು.

ಇಬ್ಬರೂ ಪ್ರಾಂಗಣದ ಕಲ್ಲಿನ ಮೇಲೆ ಕೂತರು. ನಡುವೆ ಒಂದು ಮೊಳ ಅಂತರ.

"ನಾನು ನಿಮ್ಮನ್ನ ಮದುವೆ ಆಗ್ಬೇಕು ಅಂತಿದೀನಿ," ಎಂದ ಅವನು ಒಂದೇ ಉಸಿರಿಗೆ. "ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಮಗೆ ಗಂಡುಮಕ್ಕಳು ಹುಟ್ಟಿದ್ರೆ ಅಷ್ಟೂ ಜನಕ್ಕೆ ಇದು ಬರುತ್ತೆ. ಹೆಣ್ಣುಮಕ್ಕಳಿಗೆ ಬಣ್ಣ ಕಾಣುತ್ತೆ, ಆದ್ರೆ ಒಳಗೆ ಅಡಗಿರುತ್ತೆ. ಇದನ್ನ ನಮ್ಮ ಮನೇಲೂ ಹೇಳಿದೀನಿ. ಅವ್ವ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ, 'ಬಣ್ಣ ಕಾಣೋ ಮಗನಿಗೇ ಒಂದು ಒಳ್ಳೆ ಅಂಗಿ ಆರಿಸೋಕೆ ಬರಲ್ಲ, ಕರ್ಕೊಂಡು ಬಾ ಅವಳನ್ನ' ಅಂದ್ರು."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಎಲ್ಲ ಗೊತ್ತಿದ್ದೂ ಕೇಳ್ತಿದೀರಾ?"

"ಇನ್ನು ಯಾವುದನ್ನೂ ನಿಮ್ಮಿಂದ ಮುಚ್ಚಿಡಲ್ಲ ಅಂತ ಕೇಳ್ತಿದೀನಿ. ಒಂಬತ್ತು ದಿನ ನಿಮ್ಮನ್ನ ಬಿಟ್ಟಿದ್ದು ನನಗೇ ಸಾಕಾಗಿಹೋಯ್ತು ರೀ."

ಅವಳು ಆ ಒಂದು ಮೊಳದ ಅಂತರವನ್ನು ನೋಡಿದಳು. ಮೆಲ್ಲಗೆ ಸರಿದು ಕೂತಳು.

"ಹಂಗಾದರೆ ಮೊದಲು ಈ 'ರೀ' ಬಿಡಿ."

"ಮತ್ತೆ ಏನಂತ ಕರೀಲಿ?"

"ಮನೇಲಿ ಎಲ್ಲರೂ ಚೈತ್ರಾ ಅಂತಾರೆ."

ಅವನು ಗಂಟಲು ಸರಿಪಡಿಸಿಕೊಂಡ. ಸುತ್ತ ಒಮ್ಮೆ ನೋಡಿದ.

"ಚೈತ್ರಾ..."

"ಹ್ಞೂಂ?"

"ಏನಿಲ್ಲ. ಕರೆದು ನೋಡಿದೆ."

"ಇನ್ನೊಂದು ಸಲ ಕರೀರಿ," ಎಂದಳು ಅವಳು.